ಓಡಂತುರೈ ಊರಿನವರ ಗಾಳಿಯಂತ್ರ

ಮೆಟ್ಟುಪಾಳ್ಯಂ ಅಂದ ಕೂಡಲೇ ವ್ಯಾಪಾರದ ಮಂದಿಗೆ ನೀಲಗಿರಿ ಆಲೂಗಡ್ಡೆಯ ಮಂಡಿ ನೆನಪಾಗುತ್ತದೆ, ಮಕ್ಕಳಿಗೆ ಊಟಿ ರೈಲು. ಮನೆಯೊಳಗೆ ಕನ್ನಡ ಆಡುವ ದೇವಾಂಗರು, ತೆಲುಗು ಆಡುವ ನಾಯ್ಡುಗಳು ಕೊಯಮತ್ತೂರು ಸೀಮೆಯಲ್ಲಿ ಬಹಳ. ನಾನು ಹೇಳಹೊರಟಿರುವುದು ಮಾತ್ರ ಆ ಮೆಟ್ಟುಪಾಳ್ಯಂ ಬಳಿಯ ಓಡಂತುರೈ ಪಂಚಾಯಿತಿಯ ಕರೆಂಟಿನ ಕಥೆ.

ಅಲ್ಲಿ 1996ರಿಂದ ಹತ್ತು ವರ್ಷ ಆರ್. ಷಣ್ಮುಗಂ ಅಧ್ಯಕ್ಷರು. ಮನೆಮನೆಗೆ ಕುಡಿಯುವ ನೀರು ಬಂತು, ಬೀದಿದೀಪ ಹೆಚ್ಚಿತು. ಅದರ ಬೆನ್ನಿಗೇ ಬಿಲ್ಲೂ ಏರಿತು. ಪಂಚಾಯಿತಿ ನಡೆಸಿದವರಿಗೆ ಈ ಸಂಕಟ ಗೊತ್ತು. ವಸೂಲಾದ ಕಂದಾಯವೆಲ್ಲ ಮೋಟಾರಿನ ಹೊಟ್ಟೆಗೆ. 2003ರಲ್ಲಿ 9 ಕಿಲೋವಾಟಿನ ಗ್ಯಾಸಿಫೈಯರ್ ಹಾಕಿದರು. ಮರದ ಚೂರುಗಳನ್ನು ಅರೆಗಾಳಿಯಲ್ಲಿ ಉರಿಸಿ, ಬಂದ ಅನಿಲದಿಂದ ಎಂಜಿನ್ ಓಡಿಸಿ ನೀರೆತ್ತುವ ಏರ್ಪಾಡು.

2006ರಲ್ಲಿ ಇನ್ನೂ ದೊಡ್ಡ ಧೈರ್ಯ ಮಾಡಿದರು. 350 ಕಿಲೋವಾಟಿನ ಗಾಳಿಯಂತ್ರ, ಬೆಲೆ ಸುಮಾರು 1.55 ಕೋಟಿ. ಪಂಚಾಯಿತಿಯ ಗಂಟು 40 ಲಕ್ಷ, ಉಳಿದದ್ದು ಬ್ಯಾಂಕ್ ಸಾಲ. ಯಂತ್ರ ನಿಂತದ್ದು ಊರಲ್ಲಲ್ಲ, ದೂರದ ಉಡುಮಲೈಪೇಟೆ ಕಡೆ. ಮುಂಗಾರಿನ ಗಾಳಿ ಪಾಲಕ್ಕಾಡಿನ ಕಣಿವೆ ಸೀಳಿ ಅಲ್ಲಿಗೆ ನುಗ್ಗುತ್ತದೆ. ಮೆಟ್ಟುಪಾಳ್ಯಂ ಬೆಟ್ಟದ ಅಡಿ, ಅಲ್ಲಿ ಅಷ್ಟು ಗಾಳಿ ಇಲ್ಲ. ಅಲ್ಲಿ ಹುಟ್ಟಿದ ಯೂನಿಟ್ಟು ಮಂಡಳಿಯ ತಂತಿಗೆ ಸೇರುತ್ತದೆ, ಪಂಚಾಯಿತಿ ಲೆಕ್ಕಕ್ಕೆ ಜಮೆಯಾಗುತ್ತದೆ. ಮಂಡಿಯಲ್ಲಿ ಮಾಲು ಒಂದು ಕಡೆ ಇಳಿಸಿ ದುಡ್ಡು ಇನ್ನೊಂದು ಕಡೆ ಎಣಿಸಿಕೊಳ್ಳುತ್ತೇವಲ್ಲ, ಹಂಗೆ. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್, ಊರಿಗೆ ಬೇಕಾದದ್ದು 4.5 ಲಕ್ಷ ಎಂದು ವರದಿಯಾಗಿತ್ತು. ಮಿಕ್ಕಿದ್ದನ್ನು ಮಾರಿ ಸಾಲ ತೀರಿಸುವ ಲೆಕ್ಕ.

ಈಗ ಇತ್ತ ನಮ್ಮ ಪಾವಗಡಕ್ಕೆ ಬನ್ನಿ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿ, ಸುಮಾರು 13,000 ಎಕರೆ, 2,050 ಮೆಗಾವಾಟ್ ಸೋಲಾರ್. ಉದ್ಘಾಟನೆ ಆದದ್ದು 2018ರ ಮಾರ್ಚಿನಲ್ಲಿ. ಸರ್ಕಾರ ನೆಲ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಪಹಣಿ ಇದ್ದವರು ಒಪ್ಪಿದ್ದರಲ್ಲಿ ತಪ್ಪೇನೂ ಕಾಣೆ. ಆದರೆ ಪಹಣಿ ಇಲ್ಲದ ಕೂಲಿಯವರಿಗೆ ಕಳೆ ಕೀಳುವ ಕೆಲಸ ಹೋಯಿತು, ಕುರಿಯವರಿಗೆ ಬೇಲಿ ಅಡ್ಡ ಬಂತು. ಗುತ್ತಿಗೆ ಹಣದಲ್ಲಿ ಅವರ ಹೆಸರಿಲ್ಲ. ನೆಲ ಮನದೇ, ಕರೆಂಟು ಎವರಿದಿ ಅಂತ ತೆಲುಗಿನಲ್ಲಿ ಕೇಳಿದರೂ ಉತ್ತರ ಒಂದೇ.

ಓಡಂತುರೈಯದು ಒಂದೇ ಯಂತ್ರ, ಪಾವಗಡದ್ದು ಸಾಗರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು, ನಿಜ. ಆದರೂ ಅಲ್ಲಿ ಬೆಲೆ, ಸಾಲ, ಜಾಗ ಎಲ್ಲವನ್ನೂ ಊರಿನ ಪಂಚಾಯಿತಿಯೇ ಕೂತು ಲೆಕ್ಕ ಹಾಕಿತ್ತು.

ನಮ್ಮ ಕಡೆ ಹೊಲಹೊಲಕ್ಕೂ ಏಜೆಂಟರು ಬರುತ್ತಿದ್ದಾರೆ. ಕರಾರುಪತ್ರ ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡಕ್ಕೂ ತೆಲುಗಿಗೂ ತಿರುಗಿಸಿ, ಕೂಲಿಯವರು, ಕುರಿಯವರು ಎಲ್ಲರೂ ಇರುವ ಗ್ರಾಮಸಭೆಯಲ್ಲಿ ಓದಿ ಅಂತ ಕೇಳಿದ್ದೇವೆ. ಓದುವವರು ಸಿಗಲಿಲ್ಲ ಅಂದ್ರೆ ನಾನೇ ಓದ್ತೀನಿ.