ಸಮುದ್ರಹಿಮದ ಅಳತೆ

ಕೃಷ್ಣರಾಜಸಾಗರದ ನೀರಿನ ಮಟ್ಟ ಇಂದು ಇಷ್ಟು ಅಡಿ ಎಂಬ ಒಂದೇ ಅಂಕಿಯಿಂದ ಕಾವೇರಿಯ ಸ್ಥಿತಿ ತಿಳಿಯದು. ಹಿಂದಿನ ವರ್ಷಗಳ ಅಂಕಿಗಳೊಡನೆ ಹೋಲಿಸಿದಾಗಲೇ ಅದಕ್ಕೆ ಅರ್ಥ ಬರುತ್ತದೆ. ಧ್ರುವಪ್ರದೇಶಗಳಲ್ಲಿ ಕಡಲ ನೀರೇ ಹೆಪ್ಪುಗಟ್ಟಿ ಉಂಟಾಗುವ ಸಮುದ್ರಹಿಮದ ವಿಷಯದಲ್ಲಿಯೂ ಇದು ಸತ್ಯ. ಈ ಹಿಮವನ್ನು ಆಕಾಶದಿಂದ ಅಳೆಯುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಿದೆ.

ಧ್ರುವಗಳಲ್ಲಿ ತಿಂಗಳುಗಟ್ಟಲೆ ಇರುಳು. ಹಗಲಿದ್ದಾಗಲೂ ಮೋಡ ಕವಿದಿರುವುದೇ ಹೆಚ್ಚು. ಆದಕಾರಣ ಸಾಧಾರಣ ಛಾಯಾಚಿತ್ರದಿಂದ ಪ್ರಯೋಜನ ಸ್ವಲ್ಪ. ಆದರೆ ಹಿಮವು ನೀರಿಗಿಂತ ತಣ್ಣಗಿದ್ದರೂ ಸೂಕ್ಷ್ಮತರಂಗಗಳನ್ನು ನೀರಿಗಿಂತ ಹೆಚ್ಚಾಗಿ ಹೊರಸೂಸುತ್ತದೆ. ಇದರಿಂದ ಕೃತಕ ಉಪಗ್ರಹದ ಉಪಕರಣಕ್ಕೆ ನೀರು ಮಂದವಾಗಿಯೂ ಹಿಮ ಉಜ್ವಲವಾಗಿಯೂ ತೋರುತ್ತದೆ. ಸಮುದ್ರವನ್ನು ಸುಮಾರು 25 ಕಿಲೋಮೀಟರುಗಳ ಚೌಕಗಳಾಗಿ ವಿಂಗಡಿಸಿ, ಶೇಕಡ 15ಕ್ಕೆ ಕಡಮೆಯಿಲ್ಲದಂತೆ ಹಿಮವುಳ್ಳ ಚೌಕಗಳನ್ನು ಕೂಡಿದರೆ ಹಿಮದ ವಿಸ್ತಾರ ದೊರೆಯುತ್ತದೆ. 1978ರ ಕೊನೆಯಿಂದ ಈ ಎಣಿಕೆ ನಡೆದುಬಂದಿರುವುದರಿಂದಲೇ, 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಹಿಮ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದುದು ಎಷ್ಟು ಅಸಾಧಾರಣವೆಂದು ಹೇಳಲು ಸಾಧ್ಯವಾಯಿತು.

ಈ ವಿಧಾನಕ್ಕೆ ಮಿತಿಗಳೂ ಉಂಟು. ಬೇಸಗೆಯಲ್ಲಿ ಹಿಮದ ಮೇಲೆ ನಿಂತ ಕರಗುನೀರನ್ನು ಉಪಕರಣವು ತೆರೆದ ಕಡಲೆಂದೇ ಎಣಿಸಬಹುದು. ವಿಸ್ತಾರದಿಂದ ದಪ್ಪವೂ ತಿಳಿಯದು. ದಪ್ಪವನ್ನರಿಯಲು, ನೀರಿನ ಮೇಲೆದ್ದ ಭಾಗದ ಎತ್ತರವನ್ನು ಅಳೆದು, ಮುಳುಗಿದ ಭಾಗವನ್ನು ತೇಲುವಿಕೆಯ ನಿಯಮದಿಂದ ಲೆಕ್ಕಹಾಕಬೇಕು. ಮೇಲೆದ್ದುದು ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಎತ್ತರದಲ್ಲಿ ಒಂದು ಅಂಗುಲ ತಪ್ಪಿದರೆ ದಪ್ಪದಲ್ಲಿ ಸುಮಾರು ಹತ್ತು ಅಂಗುಲ ತಪ್ಪುವುದು.

ಲೇಸರ್ ಕಿರಣದಿಂದ ಈ ಎತ್ತರವನ್ನು ಅಳೆಯುತ್ತಿದ್ದ ಅಮೆರಿಕದ ಐಸ್‌ಸ್ಯಾಟ್ ಉಪಗ್ರಹದ ಅಳತೆ 2009ರಲ್ಲಿ ನಿಂತಿತು. ಅದರ ಉತ್ತರಾಧಿಕಾರಿ ಮೇಲೇರಿದ್ದು 2018ರಲ್ಲಿ. ನಡುವಣ ಅಂತರವನ್ನು ತುಂಬಿದವು ವಿಮಾನಗಳು. 2009ರಿಂದ 2019ರವರೆಗೆ ನಡೆದ ‘ಐಸ್‌ಬ್ರಿಜ್’ ಯೋಜನೆಯಲ್ಲಿ ಅವು ಹಿಮದ ಮೇಲೆ ಹಾರಿ ಅದರ ಎತ್ತರವನ್ನೂ ಮೇಲೆ ಬಿದ್ದ ಮಂಜಿನ ಆಳವನ್ನೂ ಅಳೆದವು. ಆದರೆ ವಿಮಾನ ಕಾಣುವುದು ತನ್ನ ಹಾದಿಯನ್ನಷ್ಟೆ.

ಭಾರತದ ಅನುಭವವೂ ಇದೇ. ಬೆಂಗಳೂರಿನಲ್ಲಿ ಸಿದ್ಧವಾದ ಓಶನ್‌ಸ್ಯಾಟ್-2 ಉಪಗ್ರಹವು 2009ರ ಸೆಪ್ಟೆಂಬರ್ 23ರಂದು ಮೇಲೇರಿತು. ಅದರಲ್ಲಿದ್ದ ರೇಡಾರ್ ಕಡಲಗಾಳಿಯನ್ನು ಅಳೆಯಲೆಂದು ಮಾಡಿದ್ದು. ಆದರೆ ಹಿಮವೂ ನೀರೂ ಅದರ ತರಂಗಗಳನ್ನು ಬೇರೆಬೇರೆ ಬಗೆಯಲ್ಲಿ ಹಿಂದಿರುಗಿಸುವುದರಿಂದ ಹಿಮದ ಎಲ್ಲೆಯನ್ನು ಗುರುತಿಸಲೂ ನೆರವಾಯಿತು. 2014ರಲ್ಲಿ ಅದು ನಿಂತಿತು. ಅದರ ಸ್ಥಾನಕ್ಕೆ ಸ್ಕ್ಯಾಟ್‌ಸ್ಯಾಟ್-1 ಬಂದುದು 2016ರ ಸೆಪ್ಟೆಂಬರಿನಲ್ಲಿ.

ಉಪಗ್ರಹದ ಆಯುಸ್ಸು ಕೆಲವೇ ವರ್ಷ. ಹಿಮದ ಏರಿಳಿತವನ್ನು ಅರಿಯಲು ಹಲವು ದಶಕಗಳು ಬೇಕು. ಹಳೆಯ ಉಪಕರಣ ನಿಲ್ಲುವ ಮುನ್ನವೇ ಹೊಸದು ಅದರ ಜೊತೆಯಲ್ಲಿ ಕೆಲಕಾಲ ಅಳೆದರೆ ಮಾತ್ರ ಎರಡರ ಅಂಕಿಗಳನ್ನು ನಿಸ್ಸಂದೇಹವಾಗಿ ಜೋಡಿಸಬಹುದು. ಅಳೆಯದೆ ಬಿಟ್ಟ ವರ್ಷವನ್ನು ಮತ್ತೆ ಅಳೆಯಲು ಬಾರದು.