ಹೂಕಣಿವೆಗೆ ಬಿಸಿಲೇ ಬೇಕೆ?

ಪ್ರಶ್ನೆ: ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್‌ನಲ್ಲಿ ಗೈಡ್ ಇಲ್ಲದೆ ಫೋಟೊ ತೆಗೆಯುತ್ತ ನಡೆಯುವ ಆಸೆ. ಮಳೆ ಮುಗಿದ ಮೇಲೆ ಹೋಗಲೇ?

ಉತ್ತರ: ಹೂವೇ ಗುರಿಯಾದರೆ ಮಳೆಗಾಲದಲ್ಲೇ ಹೋಗಿ. ಉದ್ಯಾನ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ತೆರೆದಿದ್ದರೂ ಹೂಗಳು ಒತ್ತೊತ್ತಾಗಿ ಅರಳುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಒಳಗೆ ರಾತ್ರಿ ತಂಗುವಂತಿಲ್ಲ. ಪರವಾನಗಿ ಪಡೆದು, ತಂಗುವ ಊರಾದ ಘಾಂಘರಿಯಾದಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸಾಗಬೇಕು. ಹಾಗಾಗಿ ಸೂರ್ಯೋದಯ, ಸೂರ್ಯಾಸ್ತದ ಹೊಂಬೆಳಕು ಕಣಿವೆಯೊಳಗೆ ನಿಮಗೆ ಸಿಗುವುದೇ ಇಲ್ಲ, ಸಿಗುವುದು ನಡುಹಗಲು. ಬಿರುಬಿಸಿಲಿದ್ದರೆ ನೀಲಿ ಗಸಗಸೆ ಹೂವಿನ ತೆಳು ಎಸಳು ಒಂದು ಬದಿ ಬೆಳ್ಳಗೆ ಸುಟ್ಟಂತೆ, ಇನ್ನೊಂದು ಬದಿ ಕಪ್ಪಾಗಿ ಬರುತ್ತದೆ. ಮೋಡ ಕವಿದರೆ ಅದೇ ಎಸಳಿನ ನರ, ಅಂಚಿನ ಹನಿ, ನಡುವಿನ ಹಳದಿ ಕೇಸರ ಎಲ್ಲವೂ ಸ್ಪಷ್ಟ.

ಮೋಡವಿದ್ದರೆ ಹಿಮಶಿಖರ ಕಾಣದಲ್ಲ ಎನ್ನಬಹುದು. ನಿಜ, ಶಿಖರವೇ ಮುಖ್ಯವಾದರೆ ಸೆಪ್ಟೆಂಬರ್ ಕೊನೆ ಮೇಲು, ಆಗ ಹೂವಿನ ಆಸೆ ಬಿಡಿ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಮಳೆಯ ಅಪಾಯದ್ದು. ಅಲ್ಲಿಗೆ ಹೋಗುವ ಜೋಶಿಮಠದ ಕಡೆಯ ರಸ್ತೆ ಭೂಕುಸಿತದಿಂದ ಮುಚ್ಚುವುದುಂಟು. ಅದಕ್ಕಾಗಿ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಹೊರಡಲೇಬೇಡಿ. ಎಷ್ಟೇ ಚಂದದ ಹೂ ಕಂಡರೂ ದಯವಿಟ್ಟು ಕಾಲುಹಾದಿ ಬಿಟ್ಟು ಇಳಿಯಬೇಡಿ. ಅಲ್ಲಿನ ಗಿಡಗಳಿಗೆ ಚಿಗುರಿ ಬೀಜ ಕಟ್ಟಲು ಸಿಗುವುದು ಕೆಲವೇ ತಿಂಗಳು.