ಬ್ಯಾಂಕ್ ಎಷ್ಟು ಕೊಡುತ್ತೆ ಅನ್ನೋದು ಬೇರೆ, ಮನೆ ಎಷ್ಟು ತಡೆಯುತ್ತೆ ಅನ್ನೋದು ಬೇರೆ

ಇವತ್ತಿನ ಸಂಚಿಕೆ ಹೋಮ್ ಲೋನ್ ಬಗ್ಗೆ. ಆದ್ರೆ ಯಾವ ಬ್ಯಾಂಕಲ್ಲಿ ಬಡ್ಡಿ ಕಮ್ಮಿ ಅನ್ನೋ ಪಟ್ಟಿ ಓದೋದಿಲ್ಲ, ಅದು ಮೊಬೈಲಲ್ಲಿ ಎರಡು ನಿಮಿಷಕ್ಕೆ ಸಿಗುತ್ತೆ. ಸಿಗದೇ ಇರೋದು ಒಂದೇ: ನಿಮ್ಮ ಮನೆಯ ಖರ್ಚಿನ ರೂಢಿ ಎಷ್ಟು ಕಂತನ್ನು ತಡೆದುಕೊಳ್ಳುತ್ತೆ ಅನ್ನೋ ಲೆಕ್ಕ. ಅದನ್ನು ನಮ್ಮ ಮನೆಯ ಅಂಕಿಗಳನ್ನೇ ಇಟ್ಟುಕೊಂಡು ಹೇಳ್ತೀನಿ.

ನಮ್ಮೂರು ಹಿರಿಯೂರು ತಾಲ್ಲೂಕಿನ ಬಬ್ಬೂರು. ಬಬ್ಬೂರು ಫಾರಂ, ಅಂದ್ರೆ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇರೋ ಊರು ಅಂದ್ರೆ ಜಿಲ್ಲೆಯವರಿಗೆ ಗೊತ್ತಾಗುತ್ತೆ. ನಮ್ಮದು ಹಳೇ ಮಾಳಿಗೆ ಮನೆ. ಪ್ರತಿ ಮಳೆಗಾಲಕ್ಕೂ ಮೇಲೆ ಕರಲು ಮಣ್ಣು ಹಾಕಿಸಿದರೂ ಸೋರೋದು ನಿಂತಿಲ್ಲ. ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟಬೇಕು ಅಂತ ತೀರ್ಮಾನ ಆಗಿದೆ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ, ಅಪ್ಪಂದು ಸಣ್ಣ ತೆಂಗಿನ ತೋಟ, ತಮ್ಮ ಡಿಪ್ಲೊಮಾ ಓದ್ತಿದ್ದಾನೆ. ನಿವೇಶನ ಅಪ್ಪನ ಹೆಸರಲ್ಲಿ, ಸಂಬಳದ ಸ್ಲಿಪ್ ನನ್ನ ಹೆಸರಲ್ಲಿ. ಹಾಗಾಗಿ ಸಾಲಕ್ಕೆ ಇಬ್ಬರೂ ಸಹಿ ಹಾಕಬೇಕು.

ಎರಡು ಲೆಕ್ಕ, ಎರಡು ಉತ್ತರ

ಮೊದಲು ಬ್ಯಾಂಕಿನ ಲೆಕ್ಕ. ಎಲ್ಲಾ ಕಂತುಗಳು ಸೇರಿ ತಿಂಗಳ ಆದಾಯದ ಸುಮಾರು ಅರ್ಧ ದಾಟಬಾರದು ಅಂತ ಸಾಮಾನ್ಯವಾಗಿ ನೋಡ್ತಾರೆ. ನನ್ನ ಕೈಗೆ ಬರೋದು 38,000. ಅರ್ಧ ಅಂದ್ರೆ 19,000 ಕಂತು. ಶೇ 8 ಬಡ್ಡಿ, 20 ವರ್ಷ ಹಿಡಿದರೆ ಸುಮಾರು 22.7 ಲಕ್ಷ ಸಾಲ ಸಿಗುತ್ತೆ. ಅಪ್ಪನಿಗೆ ಈ ಅಂಕಿ ಕೇಳಿದ ಕೂಡಲೇ ಮೇಲೊಂದು ಮಹಡಿನೂ ಕಣ್ಣಿಗೆ ಬಂತು.

ಈಗ ಮನೆಯ ಲೆಕ್ಕ. ಬೆಂಗಳೂರಲ್ಲಿ ನನ್ನ ಪಿಜಿ, ಊಟ, ಬಸ್ಸು 11,000. ಬಬ್ಬೂರಿನ ಮನೆ ಖರ್ಚು 14,000. ಇಷ್ಟೇ ಅಂದ್ಕೊಂಡ್ರೆ ಕಂತು ಕಟ್ಟಿಯೂ ಕೈಯಲ್ಲಿ ಉಳಿಯುತ್ತೆ ಅನ್ಸುತ್ತೆ, ತೋಟದ ದುಡ್ಡು ಬೇರೆ ಬರುತ್ತಲ್ಲ. ಆದ್ರೆ ತಿಂಗಳ ಪಟ್ಟಿಯಲ್ಲಿ ಕಾಣದ, ವರ್ಷದಲ್ಲಿ ತಪ್ಪದೇ ಬರೋ ಖರ್ಚುಗಳಿವೆ. ಅವನ್ನು ಅಮ್ಮನ ಬಾಯಿಂದ ಕೇಳಿ ಬರೆದುಕೊಂಡೆ:

- ಯುಗಾದಿ, ಗೌರಿ-ಗಣೇಶ, ದೀಪಾವಳಿ, ಜಾತ್ರೆ: 18,000
- ಮದುವೆ, ನಾಮಕರಣ, ಗೃಹಪ್ರವೇಶಗಳ ಮುಯ್ಯಿ: 24,000
- ಅಮ್ಮನ ಶುಗರ್ ಟೆಸ್ಟ್, ಮಾತ್ರೆ: 12,000
- ತಮ್ಮನ ಫೀಸು: 10,000
- ಮೋಟರ್ ರಿಪೇರಿ, ಗಾಡಿ ಇನ್ಶೂರೆನ್ಸ್: 8,000

ಒಟ್ಟು 72,000. ತಿಂಗಳಿಗೆ ಹಂಚಿದರೆ 6,000. ಅಲ್ಲಿಗೆ ನಿಜವಾದ ಖರ್ಚು 31,000. ನನ್ನ ಸಂಬಳದಲ್ಲಿ ಉಳಿಯೋದು 7,000. ತೋಟದಿಂದ ಖರ್ಚು ಕಳೆದು ವರ್ಷಕ್ಕೆ 1,20,000, ಅಂದ್ರೆ ತಿಂಗಳಿಗೆ ಸರಾಸರಿ 10,000. ಎರಡೂ ಸೇರಿ 17,000. ಅಂದ್ರೆ ಬ್ಯಾಂಕ್ ಹೇಳಿದ 19,000 ಕಟ್ಟೋಕೆ ಹೋದ್ರೆ ಪ್ರತಿ ತಿಂಗಳು 2,000 ಕೈಸಾಲ.

ತೋಟಕ್ಕೆ ತಿಂಗಳ ಲೆಕ್ಕ ಗೊತ್ತಿಲ್ಲ

ಇಲ್ಲೇ ಒಂದು ತೊಡಕಿದೆ. ತೋಟದ 10,000 ಅನ್ನೋದು ಬರೀ ಸರಾಸರಿ. ಕಾಯಿ ಕೆಡವಿದಾಗ ದುಡ್ಡು, ಇಲ್ಲಾಂದ್ರೆ ಇಲ್ಲ. ಮಳೆ ಕೈಕೊಟ್ಟರೆ ಬೋರ್‌ವೆಲ್ಲೂ ಕೈಕೊಡುತ್ತೆ. ನಮ್ಮ ಮಾರಿಕಣಿವೆ, ಅಂದ್ರೆ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಇಂಥ ಸೀಮೆಯಲ್ಲಿ 20 ವರ್ಷದ ಸಾಲ ಅಂದ್ರೆ ಅದರೊಳಗೆ ಒಳ್ಳೇ ವರ್ಷವೂ ಬರುತ್ತೆ, ಬರದ ವರ್ಷವೂ ಬರುತ್ತೆ. ಕಂತು ಮಾತ್ರ ಪ್ರತಿ ತಿಂಗಳು ಅದೇ ತಾರೀಕಿಗೆ.

ಅದಕ್ಕೆ ನಾವು ತೋಟದ ಆದಾಯವನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿದ್ವಿ. 7,000 ಜೊತೆಗೆ 5,000, ಒಟ್ಟು 12,000. ಇದಕ್ಕೆ ಹೊಂದೋ ಸಾಲ 14 ಲಕ್ಷ, ಕಂತು ಸುಮಾರು 11,710. ಬ್ಯಾಂಕಿನ ಅಂಕಿಗೂ ನಮ್ಮ ಅಂಕಿಗೂ ಎಂಟು ಲಕ್ಷಕ್ಕಿಂತ ಹೆಚ್ಚು ವ್ಯತ್ಯಾಸ. ಆ ಎಂಟು ಲಕ್ಷವೇ ಅಪ್ಪನ ಮಹಡಿ. ಸದ್ಯಕ್ಕೆ ಕಾಲಂ ಗಟ್ಟಿಯಾಗಿ ಹಾಕಿಸಿ, ಮಹಡಿಯನ್ನು ತಮ್ಮ ಕೆಲಸಕ್ಕೆ ಸೇರಿದ ಮೇಲೆ ನೋಡೋಣ ಅಂತ ಅಪ್ಪ ಒಪ್ಪಿದ್ದಾರೆ. ಪೂರ್ತಿ ಮನಸ್ಸಿನಿಂದ ಅಂತ ಹೇಳಲಾರೆ.

ಒಳ್ಳೇ ವರ್ಷದ ದುಡ್ಡನ್ನು ಏನು ಮಾಡೋದು? ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ. 14 ಲಕ್ಷಕ್ಕೆ ವರ್ಷಕ್ಕೊಮ್ಮೆ 50,000 ಹೆಚ್ಚುವರಿ ಕಟ್ಟುತ್ತಾ ಹೋದರೆ 20 ವರ್ಷದ ಸಾಲ ಹನ್ನೊಂದೂವರೆ ವರ್ಷದೊಳಗೆ ತೀರುತ್ತೆ, ಬಡ್ಡಿಯಲ್ಲಿ ಸುಮಾರು ಆರೂವರೆ ಲಕ್ಷ ಉಳಿಯುತ್ತೆ. ಕಂತು ಚಿಕ್ಕದಿರಲಿ, ಕೈಗೆ ಬಂದಾಗ ದೊಡ್ಡದಾಗಿ ಕಟ್ಟಿ. ಬೇಸಾಯದ ಮನೆಗಳಿಗೆ ಈ ದಾರಿ ಹೊಂದುತ್ತೆ.

ಮುಯ್ಯಿ ನಿಲ್ಲಿಸಬೇಕಾ?

ಖರ್ಚು ಕಡಿಮೆ ಮಾಡೋಣ ಅಂದಾಗ ಎಲ್ಲರ ಕಣ್ಣೂ ಮೊದಲು ಬೀಳೋದು ಮುಯ್ಯಿ ಮೇಲೆ. 24,000 ಇದೆಯಲ್ಲ, ಅರ್ಧ ಮಾಡೋಣ ಅಂತ ನಾನೂ ಕೇಳಿದೆ. ಅಮ್ಮ ಹೇಳಿದ್ದು ಇಷ್ಟೇ: “ಅದು ಖರ್ಚಲ್ಲ ಕಣಮ್ಮ, ನಮ್ಮ ಮನೆ ಕಾರ್ಯಕ್ಕೆ ಅವರು ಹಾಕಿದ್ದನ್ನ ತೀರಿಸೋದು. ನಾಳೆ ನಮ್ಮ ಗೃಹಪ್ರವೇಶಕ್ಕೆ ಅವರು ಬರೋದು ಬೇಡ್ವಾ?”

ಅಮ್ಮನ ಮಾತು ಸರಿ. ಮುಯ್ಯಿ ಕೂಡ ಒಂದು ಸಾಲವೇ, ಬಡ್ಡಿ ಇಲ್ಲದ, ಕಾಗದ ಇಲ್ಲದ ಸಾಲ. ಅದನ್ನು ಪಟ್ಟಿಯಿಂದ ಹೊಡೆದು ಹಾಕಿದರೆ ಅದು ನಿಲ್ಲೋದಿಲ್ಲ, ಲೆಕ್ಕದಿಂದ ಹೊರಗೆ ಹೋಗುತ್ತೆ ಅಷ್ಟೆ. ಆಮೇಲೆ ಒಡವೆ ಅಡ ಇಟ್ಟು ಮುಯ್ಯಿ ಹಾಕೋ ಪರಿಸ್ಥಿತಿ ಬರುತ್ತೆ. ಹಾಗಾಗಿ ಅದನ್ನು ಮುಟ್ಟಲಿಲ್ಲ. ಕಡಿಮೆ ಮಾಡಿದ್ದು ಯಾರ ಜೊತೆಗಿನ ಸಂಬಂಧಕ್ಕೂ ಸೇರದ ಖರ್ಚನ್ನು: ನನ್ನ ಆನ್‌ಲೈನ್ ಊಟ, ತಮ್ಮ ಕಂತಲ್ಲಿ ತಗೋಬೇಕು ಅಂತಿದ್ದ ಹೊಸ ಫೋನು, ಯುಪಿಐನಲ್ಲಿ ಇಪ್ಪತ್ತು-ಮೂವತ್ತು ರೂಪಾಯಿಯಂತೆ ಹೋಗೋ ಚಿಲ್ಲರೆ. ಫೋನಿನ ಕಂತು 2,000 ಇದ್ದರೂ ಬ್ಯಾಂಕ್ ಅದನ್ನು ನಿಮ್ಮ ಸಾಲದ ಅರ್ಹತೆಯಿಂದ ಕಳೆಯುತ್ತೆ ಅನ್ನೋದು ನೆನಪಿರಲಿ. ಬೈಕ್ ಲೋನ್, ಸಂಘದ ಸಾಲ, ಚಿನ್ನದ ಸಾಲಕ್ಕೂ ಇದೇ ಮಾತು.

ಸಾಲಕ್ಕೆ ಮೊದಲು ಕಂತಿನ ತಾಲೀಮು

ಈ ಸಂಚಿಕೆಯಿಂದ ಒಂದೇ ವಿಷಯ ತಗೊಂಡು ಹೋಗೋದಾದ್ರೆ ಇದನ್ನು ತಗೊಳ್ಳಿ. ಅರ್ಜಿ ಹಾಕೋದಕ್ಕೆ ಆರು ತಿಂಗಳು ಮೊದಲೇ ಕಂತು ಕಟ್ಟೋಕೆ ಶುರು ಮಾಡಿ, ನಿಮ್ಮ ಹೆಸರಿನ ಆರ್‌ಡಿಗೆ. ಸಂಬಳ ಬಂದ ಮಾರನೇ ದಿನ 12,000 ತಾನಾಗೇ ಕಟ್ ಆಗಬೇಕು. ವರ್ಷದ ಖರ್ಚಿನ 6,000 ಇನ್ನೊಂದು ಖಾತೆಗೆ. ತೋಟದ ದುಡ್ಡು ಬಂದಾಗಲೂ ಮೊದಲು ಈ ಎರಡು ಖಾತೆಗೆ.

ದಿನಗೂಲಿ, ಅಂಗಡಿ ಆದಾಯದವರಿಗೆ ಪಿಗ್ಮಿ ಇದೆ. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಯೋಜನೆ ಅದು, ಏಜೆಂಟ್ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದಲೂ ಕಟ್ಟಿಸಿಕೊಳ್ತಿದ್ದರು. ದಿನದ ಆದಾಯಕ್ಕೆ ದಿನದ ಉಳಿತಾಯ, ಆ ಲೆಕ್ಕ ಇವತ್ತಿಗೂ ಸರಿಯೇ.

ನಮ್ಮ ತಾಲೀಮಿಗೆ ಈಗ ನಾಲ್ಕನೇ ತಿಂಗಳು. ಮೂರನೇ ತಿಂಗಳಲ್ಲಿ ಎರಡು ಮದುವೆ ಒಟ್ಟಿಗೆ ಬಂತು, ಮೇಲಿಂದ ಮೋಟರ್ ಸುಟ್ಟಿತು. ಮುಯ್ಯಿ 9,000, ರಿಪೇರಿ 6,500. ವರ್ಷದ ಖಾತೆಯಲ್ಲಿ ಅಷ್ಟೊತ್ತಿಗೆ 18,000 ಇತ್ತು, ಹಾಗಾಗಿ ಕಂತಿನ ದುಡ್ಡು ಮುಟ್ಟಬೇಕಾಗಲಿಲ್ಲ. ತಾಲೀಮಲ್ಲಿ ಎರಡು ಸಲ ತಪ್ಪಿದರೆ ಸಾಲದ ಮೊತ್ತ ಇಳಿಸೋದು ಅಂತ ಮನೆಯಲ್ಲಿ ಮಾತಾಗಿದೆ. ಆರು ತಿಂಗಳು ಮುಗಿದರೆ ಕೈಯಲ್ಲಿ 72,000 ಇರುತ್ತೆ. ಗೃಹಪ್ರವೇಶದ ಊಟಕ್ಕೆ ಬ್ಯಾಂಕ್ ಸಾಲ ಕೊಡೋದಿಲ್ಲವಲ್ಲ, ಅದಕ್ಕೆ ಇದು.

ಸಹಿ ಹಾಕೋ ಮುಂಚೆ

ಕೆಲವು ವಿಷಯ ಬೇಗ ಹೇಳಿಬಿಡ್ತೀನಿ. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳ್ತಾರೆ, ಅದನ್ನು ಮೊದಲು ಮಾಡಿಸಿ. 30 ಲಕ್ಷದವರೆಗಿನ ಸಾಲದಲ್ಲಿ ಬ್ಯಾಂಕ್ ಹೆಚ್ಚೆಂದರೆ ಶೇ 90 ಕೊಡಬಹುದು, ಉಳಿದದ್ದು ನಿಮ್ಮ ಕೈಯಿಂದ. ಕಟ್ಟೋ ಮನೆಗೆ ದುಡ್ಡು ಒಟ್ಟಿಗೆ ಬರೋದಿಲ್ಲ; ಪಾಯ, ಲಿಂಟಲ್, ಮೋಲ್ಡ್ ಹೀಗೆ ಹಂತ ನೋಡಿ ಬಿಡುಗಡೆ ಮಾಡ್ತಾರೆ.

ಬಡ್ಡಿ ಏರಿಳಿತಕ್ಕೂ ಜಾಗ ಬಿಡಿ. ರೆಪೊ ದರ 2022ರ ಮೇನಲ್ಲಿ ಏರೋಕೆ ಶುರುವಾಗಿ 2023ರ ಫೆಬ್ರವರಿಗೆ ಶೇ 4ರಿಂದ 6.5ಕ್ಕೆ ಹೋಯ್ತು. 2025ರ ಡಿಸೆಂಬರ್‌ಗೆ 5.25ಕ್ಕೆ ಇಳಿಯಿತು. ನಮ್ಮ 14 ಲಕ್ಷಕ್ಕೆ ಬಡ್ಡಿ ಶೇ 9.5 ಆದರೆ ಕಂತು 13,050 ಆಗುತ್ತೆ. ದರ ಬದಲಾದಾಗ ಕಂತು ಹೆಚ್ಚಿಸಬೇಕಾ, ಅವಧಿ ಹೆಚ್ಚಿಸಬೇಕಾ ಅಂತ ನಿಮ್ಮನ್ನು ಕೇಳಬೇಕು ಅನ್ನೋದು ರಿಸರ್ವ್ ಬ್ಯಾಂಕಿನ 2023ರ ನಿಯಮ. ಕೇಳದಿದ್ದರೆ ನೀವೇ ಕೇಳಿ. ಇನ್ನು ವಾಟ್ಸ್‌ಆ್ಯಪಲ್ಲಿ ಓಡಾಡೋ 1.80 ಲಕ್ಷದ ಬಡ್ಡಿ ಸಬ್ಸಿಡಿ ಪಿಎಂ ಆವಾಸ್ ನಗರ ಯೋಜನೆಯದ್ದು. ಹಳ್ಳಿ ಮನೆಯ ಬಜೆಟ್ಟಿಗೆ ಅದನ್ನು ಸೇರಿಸಿಕೊಳ್ಳಬೇಡಿ.

ಕೊನೆಗೆ, ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದೇ ಇದ್ದ ಪ್ರಶ್ನೆ: ನನ್ನ ಮದುವೆ ಆದಮೇಲೆ ಕಂತು ಯಾರು ಕಟ್ಟೋದು? ಸಹಿ ನನ್ನದು, ಹಾಗಾಗಿ ಬ್ಯಾಂಕಿಗೆ ನಾನೇ ಉತ್ತರ ಕೊಡಬೇಕು. ನಾಲ್ಕು ಜನ ಕೂತು ಮಾತಾಡಿದ್ವಿ. ತಮ್ಮ ಕೆಲಸಕ್ಕೆ ಸೇರಿದ ದಿನದಿಂದ ಅರ್ಧ ಕಂತು ಅವನದು, ತೋಟದ ಹೆಚ್ಚುವರಿ ಪೂರ್ತಿ ಸಾಲಕ್ಕೆ. ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ವಿ. ಕೋರ್ಟಿಗೆ ಹೋಗೋಕೆ ಅಲ್ಲ, ನಾಳೆ “ನಾನು ಹಾಗೆ ಹೇಳಲೇ ಇಲ್ಲ” ಅನ್ನೋ ಮಾತು ಬರಬಾರದು ಅಂತ.

ಈ ಭಾನುವಾರ ನಿಮ್ಮ ಮನೆಯವರನ್ನೂ ಕೂರಿಸಿಕೊಂಡು ವರ್ಷದ ಖರ್ಚಿನ ಪಟ್ಟಿ ಮಾಡಿ. ತಿಂಗಳ ಪಟ್ಟಿ ಅಲ್ಲ, ವರ್ಷದ್ದು. ಕಂತಿನ ಮೊತ್ತ ಅಲ್ಲಿಂದ ಶುರುವಾಗಲಿ.